ಹಳದಿ ಗೆರೆಯ ಒಳಗೆ

ಕಾರು ಪೂರ್ತಿ ನಿಲ್ಲುವ ಮೊದಲೇ ಹಲೀಮ ಬಾಗಿಲು ತೆರೆದಳು.

"ಅಕ್ಕಾ, ಸ್ವಲ್ಪ ತಾಳು ಮಾರಾಯ್ತಿ!" ಎಂದು ತಮ್ಮ ರಿಯಾಝ್ ಬ್ರೇಕ್ ಒತ್ತುವಷ್ಟರಲ್ಲಿ ಅವಳ ಒಂದು ಕಾಲು ಆಗಲೇ ದುಬೈಯ ರಾಸ್ ಅಲ್ ಖೋರಿನ ಎಣ್ಣೆ ಮೆತ್ತಿದ ಮರಳಿನ ಮೇಲಿತ್ತು. ಎದುರಿಗೆ ಹಳೇ ಕಾರುಗಳ ಯಾರ್ಡುಗಳು. ಬಾಗಿಲಿಲ್ಲದ ಕಾರು, ಚಕ್ರವಿಲ್ಲದ ಕಾರು, ಒಂದು ಕಡೆ ಬರೀ ಸೀಟುಗಳ ರಾಶಿ. ಬುರ್ಖಾ ತೊಟ್ಟ ಹೆಂಗಸೊಬ್ಬಳು ಬೆಳ್ಳಂಬೆಳಗ್ಗೆ ಆ ರಾಶಿಗಳ ನಡುವೆ ದಾಪುಗಾಲು ಹಾಕುವುದನ್ನು ಕಂಡು ಪಠಾಣ ಮೆಕ್ಯಾನಿಕ್ಕುಗಳು ಹಿಡಿದ ಸ್ಪ್ಯಾನರ್ ಹಿಡಿದ ಹಾಗೇ ನಿಂತರು.

"ಅಕ್ಕಾ, ನೀನು ಇದ್ದತ್ತು ಕೂತ್ಕೊಳ್ಳಬೇಕಾದವಳು. ಜನ ಎಂತ ಹೇಳಿಯಾರು?"

"ಜನಕ್ಕೆ ಹೇಳ್ಲಿಕ್ಕೆ ಇನ್ನು ನಾಲ್ಕು ತಿಂಗಳುಂಟು. ನಿನ್ನ ಭಾವನಿಗೆ ಅಸರಿನವರೆಗೆ ಮಾತ್ರ ಉಂಟು."

ರಿಯಾಝ್ ಕಾರಿಗೆ ಬೀಗ ಹಾಕಿ ಅವಳ ಹಿಂದೆ ಓಡಿದ. ಅಬುಧಾಬಿಯ ಅಲ್ ಮೀನಾದ ಮೀನು ಮಾರ್ಕೆಟ್ಟಿನಿಂದ ಸುದ್ದಿ ಕೇಳಿದ್ದೇ ಎದ್ದು ಬಂದವನು ಅವನು. ಅಂಗಿಗೆ ಇನ್ನೂ ಬಂಗುಡೆಯ ವಾಸನೆ ಇತ್ತು. ಅವನ ಭಾವ, ಹಲೀಮಳ ಗಂಡ, ಅಬ್ದುಲ್ ರವೂಫ್ ನಿನ್ನೆ ಮಧ್ಯಾಹ್ನ ತೀರಿಕೊಂಡಿದ್ದ. ದೇರಾದ ನಾಯಿಫ್‌ನಲ್ಲಿ ಸಣ್ಣದೊಂದು ಕೆಫೆಟೇರಿಯಾ ನಡೆಸಿಕೊಂಡಿದ್ದ, ಯಾರಿಗೂ ಇಲ್ಲ ಎನ್ನಲು ಬಾರದ ಸಾಧು ಮನುಷ್ಯ. ಆಸ್ಪತ್ರೆಯ ಕೆಲಸವೆಲ್ಲ ಮುಗಿದು ಮಯ್ಯತ್ತು ಈಗ ಖುಸೈಸಿನ ಕಬರಸ್ತಾನದಲ್ಲಿ ಸ್ನಾನಕ್ಕೆ ಕಾದಿತ್ತು. ಇಳಿಹೊತ್ತಿನ ಅಸರ್ ನಮಾಜಿನ ನಂತರ ದಫನ.

ಗಂಡನ ಉಸಿರು ನಿಂತ ಗಳಿಗೆಯಿಂದ ಹೆಂಡತಿ ನಾಲ್ಕು ತಿಂಗಳು ಹತ್ತು ದಿನ ಇದ್ದತ್ತು ಕೂರಬೇಕು. ಮನೆ ಬಿಟ್ಟು ಹೊರಡುವಂತಿಲ್ಲ, ಪರಗಂಡಸರ ಎದುರು ಬರುವಂತಿಲ್ಲ. ಇದನ್ನೆಲ್ಲ ಹಲೀಮಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಬಿಲ್ಡಿಂಗಿನ ಹೆಂಗಸರಿಗೆಲ್ಲ ಹೇಳಿಕೊಡುತ್ತಿದ್ದವಳೇ ಅವಳು. ಆದರೆ ಅವಳಿಗೆ ಇನ್ನೊಂದೂ ಗೊತ್ತಿತ್ತು. ನಮಾಜು ತಪ್ಪಿಸಿದ್ದನ್ನು, ನೋಂಪಿನ ಉಪವಾಸ ಬಿಟ್ಟದ್ದನ್ನು ಅಲ್ಲಾಹು ಕ್ಷಮಿಸಿಯಾನು. ಒಬ್ಬ ಮನುಷ್ಯನಿಗೆ ಮಾಡಿದ ಅನ್ಯಾಯವನ್ನು ಮಾತ್ರ ಆ ಮನುಷ್ಯನೇ ಕ್ಷಮಿಸಬೇಕು, ಅದು ಆಗುವವರೆಗೆ ಸತ್ತವನಿಗೆ ಮಣ್ಣಿನಡಿಯೂ ಬಿಡುಗಡೆಯಿಲ್ಲ. ರವೂಫ್ ತನ್ನ ಇಡೀ ಬದುಕಿನಲ್ಲಿ ಅನ್ಯಾಯ ಮಾಡಿದ್ದು ಒಬ್ಬನಿಗೆ. ಅವನನ್ನು ಹುಡುಕಿಕೊಂಡೇ ಅವಳು ಬಂದದ್ದು.

ಯಾರ್ಡಿನ ಮೂಲೆಯಲ್ಲಿದ್ದ ತಗಡಿನ ಕಂಟೇನರಿನಿಂದ ಅಲ್ಲಿನ ಕಾವಲುಗಾರ ಮುನಿಸ್ವಾಮಿ ಹೊರಗೆ ಬಂದ. ಬನಿಯನ್ನು, ಲುಂಗಿ, ಬಾಯಲ್ಲಿ ಬ್ರಷ್ಷು. ಹಲೀಮಳನ್ನು ಕಂಡು ಬ್ರಷ್ಷನ್ನು ಬೆನ್ನ ಹಿಂದೆ ಹಿಡಿದ. ಹಿಂದೆಲ್ಲ ರವೂಫನ ಅಂಗಡಿಯ ಪಕ್ಕದ ಪಬ್ಬಿನ ಬಾಗಿಲಲ್ಲಿ ಕರೀ ಕೋಟು ತೊಟ್ಟು ನೆಟ್ಟಗೆ ನಿಲ್ಲುತ್ತಿದ್ದ ಆಳು ಎಷ್ಟೋ ಬಗ್ಗಿಹೋಗಿದ್ದ.

"ಗೊತ್ತಾಯ್ತಮ್ಮ," ಎಂದ ಅವನು. "ನಿನ್ನೆ ಸಾಯಂಕಾಲಾನೇ ಗೊತ್ತಾಯ್ತು. ಈ ಊರಲ್ಲಿ ಸಾವಿನ ಸುದ್ದಿಗೆ ವೀಸಾ ಬೇಕಾಗಿಲ್ವಲ್ಲ."

"ಮುನಿಯಣ್ಣ, ನಾನು ಸುತ್ತಿ ಬಳಸಿ ಮಾತಾಡುದಿಲ್ಲ. ಮಾಫ್ ಮಾಡಿದೆ ಅಂತ ಒಂದು ಮಾತು. ಅಲ್ಲಿಗೆ ಬಂದು ಅವರ ಮುಖ ನೋಡಿ ಹೇಳಿ. ಬರ್ಲಿಕ್ಕೆ ಆಗುದಿಲ್ಲವಾ, ಇಲ್ಲೇ ಹೇಳಿ. ನಾನು ಕೇಳಿದ್ರೆ ಸಾಕು."

ಮುನಿಸ್ವಾಮಿ ಬ್ರಷ್ಷನ್ನು ಬಕೆಟ್ಟಿನ ನೀರಿನಲ್ಲಿ ಅದ್ದಿ ತೊಳೆದ.

"ಮಣ್ಣಿಗೆ ಬರ್ತೀನಮ್ಮ. ಇಪ್ಪತ್ತು ವರ್ಷ ಅವನ ಕೈಯಲ್ಲಿ ಟೀ ಕುಡ್ದಿದೀನಿ, ಬರ್ದೇ ಇರಕ್ಕಾಗ್ತದಾ? ಆದ್ರೆ ಅದನ್ನ ಕೇಳ್ಬೇಡಿ."

"ಯಾಕೆ ಮುನಿಯಣ್ಣ?"

"ನನ್ನ ಹತ್ರ ಇಲ್ಲಮ್ಮ ಅದು. ಇದ್ರೆ ಕೊಡ್ತಿದ್ದೆ."

"ಬಾಯಿಮಾತಿಗಾದ್ರೂ ಹೇಳಿಬಿಡಿ ಅಣ್ಣ," ಎಂದು ರಿಯಾಝ್ ನಡುವೆ ಬಾಯಿ ಹಾಕಿದ. "ಅಕ್ಕನಿಗೆ ಸಮಾಧಾನ ಆಗ್ತದೆ."

"ಬಾಯಿಮಾತಿಗೆ ಹೇಳೋದು ಪಬ್ಬಿನ ಬಾಗಿಲಲ್ಲಿ ಬೇಕಾದಷ್ಟು ಹೇಳಿದೀನಪ್ಪ. ವೆಲ್ಕಮ್ ಸಾರ್, ವೆಲ್ಕಮ್ ಸಾರ್ ಅಂತ. ಸತ್ತೋನ ಮುಂದೆ ಅದು ಬೇಡ."

ಹಾಗೆಂದವನು ಒಳಗೆ ಹೋಗಿ ಬಿಳೀ ಶರಟು ತೊಟ್ಟು ಬಂದ. ಪಬ್ಬಿನದೇ ಶರಟು. ಹೆಸರಿನ ಬಿಲ್ಲೆ ಚುಚ್ಚಿ ಚುಚ್ಚಿ ಎದೆಯ ಹತ್ತಿರ ಎರಡು ತೂತು ಬಿದ್ದಿದ್ದವು. ಕಾರಿನ ಮುಂದಿನ ಸೀಟಿನಲ್ಲಿ ಕೂತ. ಹಿಂದೆ ಕೂತ ಹಲೀಮ ಖುಸೈಸ್ ಬರುವವರೆಗೆ ಅವನ ಕುತ್ತಿಗೆಯ ನೆರಿಗೆಗಳನ್ನು ನೋಡುತ್ತ ಬಾಯೊಳಗೇ ದುವಾ ಹೇಳಿಕೊಳ್ಳುತ್ತಿದ್ದಳು. ಅರ್ಧ ದುವಾ ಗಂಡನಿಗೆ, ಅರ್ಧ ಈ ಮನುಷ್ಯನ ನಾಲಿಗೆಗೆ.

*

ನಾಯಿಫ್‌ನ ಆ ಫುಟ್‌ಪಾತು ಒಳ್ಳೇ ಅಗಲವಾದದ್ದು. ಅದರ ಒಂದು ತುದಿಗೆ ನಮಾಜಿನ ಪಳ್ಳಿ, ನಡುವೆ ರವೂಫನ ಕೆಫೆಟೇರಿಯಾ, ಅದಕ್ಕೆ ಅಂಟಿಕೊಂಡೇ ಒಂದು ಹಳೇ ಹೋಟೆಲು, ಹೋಟೆಲಿನ ಕೆಳಗೆ ಪಬ್ಬು. ಮೂರೂ ಕಡೆಯ ಜನಕ್ಕೆ ನಡೆಯಲು ಇದ್ದದ್ದು ಅದೊಂದೇ ಫುಟ್‌ಪಾತು. ನಮಾಜಿಗೆ ಹೋಗುವವರೂ ಅಲ್ಲೇ, ತೂರಾಡುತ್ತ ಹೊರಬರುವವರೂ ಅಲ್ಲೇ.

ಹೊರಗೆ ಟೇಬಲ್ ಹಾಕಲು ರವೂಫನಿಗೆ ಪರವಾನಗಿ ಸಿಕ್ಕಿದ ದಿನ ನಗರಪಾಲಿಕೆ ಕಚೇರಿಯ ಕೆಲಸದವರು ಬಂದು ಅಂಗಡಿಯ ಮುಂದೆ ನೆಲಕ್ಕೆ ಹಳದಿ ಬಣ್ಣದಲ್ಲಿ ಒಂದು ಚೌಕ ಬಳಿದು ಹೋದರು. ಟೇಬಲ್ಲು ಕುರ್ಚಿಯೆಲ್ಲ ಅದರೊಳಗೆ ಇರಬೇಕು, ಹೊರಗೆ ಸಾರ್ವಜನಿಕರ ದಾರಿ. ರವೂಫ್ ಆ ಗೆರೆಯನ್ನು ಗಡಿ ಕಾಯುವ ಸೈನಿಕನ ಹಾಗೆ ಕಾದ. ಗಿರಾಕಿಯೊಬ್ಬ ಕಾಲು ಚಾಚಿದರೂ ಸಾಕು, "ಗೆರೆ ಒಳಗೆ, ಭಾಯ್, ಗೆರೆ ಒಳಗೆ," ಎಂದು ಗ್ಲಾಸು ತೊಳೆಯುವುದನ್ನು ಬಿಟ್ಟು ಓಡಿ ಬರುತ್ತಿದ್ದ. ದಾರಿಹೋಕರಿಗೂ ಅಭ್ಯಾಸವಾಯಿತು. ಹಳದಿ ಚೌಕದ ಹತ್ತಿರ ಬಂದರೆ ತಾವಾಗಿ ಪಕ್ಕಕ್ಕೆ ತಿರುಗಿ, ಜನ ಹೆಚ್ಚಿದ್ದರೆ ರಸ್ತೆಗಿಳಿದು, ಸುತ್ತಿಕೊಂಡು ಹೋಗುತ್ತಿದ್ದರು.

ಪಬ್ಬಿನ ಬಾಗಿಲಲ್ಲಿ ನಿಲ್ಲುತ್ತಿದ್ದವನು ಮುನಿಸ್ವಾಮಿ. ಕೆಜಿಎಫ್ ಕಡೆಯವನು, ಮನೆಯಲ್ಲಿ ತಮಿಳು, ಬೀದಿಯಲ್ಲಿ ಕನ್ನಡ. ಕುಡಿದು ಹೊರಬಂದವರನ್ನು ಅವನು ಹಾಗೇ ಬಿಡುತ್ತಿರಲಿಲ್ಲ. "ನೇರ ರೂಮಿಗೆ ಹೋಗ್ಬೇಡಿ ಸಾರ್, ವಾಸನೆ ಹೊಡೀತದೆ. ಪಕ್ಕದಲ್ಲಿ ನಮ್ಮ ರವೂಫನ ಸುಲೈಮಾನಿ ಕುಡ್ದು ಹೋಗಿ," ಎಂದು ಭುಜ ಹಿಡಿದು ಹಳದಿ ಗೆರೆಯೊಳಗೆ ತಂದು ಕೂರಿಸುತ್ತಿದ್ದ. ಲಿಂಬೆ, ಪುದೀನ ಹಾಕಿದ ಆ ಕರೀ ಚಹಾಕ್ಕೆ ಸಂಜೆಯಿಂದ ಪಬ್ಬು ಮುಚ್ಚುವವರೆಗೆ ನೂಕುನುಗ್ಗಲು. ಕೆಲಸ ಮುಗಿದ ಮೇಲೆ ಮುನಿಸ್ವಾಮಿಗೆಂದೇ ರವೂಫ್ ಶುಂಠಿ ಜಜ್ಜಿ ಬೇರೆ ಚಹಾ ಮಾಡುತ್ತಿದ್ದ. ಕೊರೋನಾದಲ್ಲಿ ಊರಿಗೆ ಊರೇ ಬಾಗಿಲು ಹಾಕಿಕೊಂಡಾಗ ಇಬ್ಬರೂ ಒಂದೇ ಪಾತ್ರೆಯಲ್ಲಿ ಗಂಜಿ ಬೇಯಿಸಿಕೊಂಡು ದಿನ ದೂಡಿದವರು. ರವೂಫನಿಗೆ ಜ್ವರ ಬಂದಾಗ ಹಣೆ ಮುಟ್ಟಿ ನೋಡಲು ಹೆದರದೆ ಇದ್ದವನು ಮುನಿಸ್ವಾಮಿ ಒಬ್ಬನೇ.

ಮಗಳು ಮುಹ್ಸಿನಾಳಿಗೆ ಉಳ್ಳಾಲದಲ್ಲಿ ಮದುವೆಯಾದ ಮೇಲೆ ಹಲೀಮ ದುಬೈಗೆ ಬಂದು ಅಂಗಡಿಯ ಮೇಲಿನ ಮಾಳಿಗೆಯ ಒಂದು ಕೋಣೆಯಲ್ಲಿ ಗಂಡನ ಜೊತೆ ಸಂಸಾರ ಹೂಡಿದಳು. ಅವಳು ಕರಿದ ಕಟ್ಲೆಟ್ಟು ಕೆಳಗೆ ಅಂಗಡಿಗೆ ಹೋಗುತ್ತಿತ್ತು. ಆ ಕಟ್ಲೆಟ್ಟನ್ನು ಯಾರು ತಿನ್ನುತ್ತಾರೆ ಎಂದು ಕಿಟಕಿಯಿಂದ ಕಂಡ ದಿನದಿಂದ ಅವಳಿಗೆ ನೆಮ್ಮದಿ ಹಾರಿಹೋಯಿತು.

"ಕುಡುಕರ ಕೈಯಿಂದ ಬಂದದ್ದರಲ್ಲಿ ನಮ್ಮ ಅಕ್ಕಿ ಬೇಯುದಾ?"

"ಅವರು ನನ್ನಲ್ಲಿ ಕುಡಿಯುದು ಚಾಯ ಅಲ್ವಾ ಹಲೀಮಾ?"

"ಅದಕ್ಕಿಂತ ಮೊದಲು ಕುಡಿದದ್ದು?"

ಇದು ದಿನಾ ಇದ್ದದ್ದೇ. ಪಳ್ಳಿಯ ಹಿರಿಯ ಅಬ್ದುಲ್ ಸಲಾಂ ಪಬ್ಬಿನ ಲೈಸೆನ್ಸು ಮುಂದುವರಿಸಬೇಡಿ ಎಂದು ಮನವಿ ಬರೆದು ಮನೆಮನೆಗೆ ಸಹಿಗೆ ಬಂದಾಗ ರವೂಫ್ ಹಿತ್ತಲ ಬಾಗಿಲಿಂದ ಗ್ಯಾಸ್ ಸಿಲಿಂಡರ್ ತರಲು ಹೋದವನು ಅವರು ಹೊರಟ ಮೇಲೆಯೇ ಬಂದ. ಹಲೀಮ ಅವತ್ತು ಗಂಡನ ಜೊತೆ ಮಾತು ಬಿಟ್ಟಳು. "ಒಂದಾ ಅವರ ಸಹವಾಸ ಬಿಡಿ, ಇಲ್ಲವಾ ನನ್ನನ್ನು ಊರಿಗೆ ಕಳಿಸಿ," ಎಂದು ಕಡ್ಡಿ ಮುರಿದ ಹಾಗೆ ಹೇಳಿದ್ದೇ ಕೊನೆ.

*

ಕಚೇರಿಯಿಂದ ವಿಚಾರಣೆಗೆ ಬಂದವನು ಚಿಕ್ಕ ವಯಸ್ಸಿನ, ಬಹಳ ಮರ್ಯಾದೆಯ ಅಧಿಕಾರಿ. ಸಂಜೆ ಹೊತ್ತು ಫುಟ್‌ಪಾತಿನಲ್ಲಿ ಜನ ಗುಂಪುಗಟ್ಟಿ ಹೆಂಗಸರೂ ನಮಾಜಿಗೆ ಹೋಗುವವರೂ ರಸ್ತೆಗಿಳಿಯಬೇಕಾಗುತ್ತದೆ ಎಂದು ದೂರು ಬಂದಿತ್ತು. ಅವನು ಕೇಳಿದ್ದು ಒಂದೇ ಪ್ರಶ್ನೆ: ಈ ಗುಂಪು ಯಾರದು? ಕೆಫೆಟೇರಿಯಾದ್ದಾದರೆ ಹೊರಗಿನ ಟೇಬಲ್ಲಿನ ಪರವಾನಗಿ ಹೋಗುತ್ತದೆ. ಪಬ್ಬಿನದ್ದಾದರೆ ಅವರ ಲೈಸೆನ್ಸಿನ ವಿಷಯ ತೀರ್ಮಾನಿಸುವಾಗ ಆ ಮಾತೂ ಮುಂದೆ ಬರುತ್ತದೆ. ಅವನು ಹೆದರಿಸಲಿಲ್ಲ, ಅವಸರಿಸಲಿಲ್ಲ. ರವೂಫ್ ಕೊಟ್ಟ ಚಹಾವನ್ನೂ ನಯವಾಗಿಯೇ ಬೇಡವೆಂದ.

ಹಲೀಮ ಮೇಲೆ ಕಿಟಕಿಯಲ್ಲಿದ್ದಳು. ಮಾತು ಕೇಳುತ್ತಿರಲಿಲ್ಲ, ಎಲ್ಲ ಕಾಣುತ್ತಿತ್ತು. ರವೂಫ್ ಕೈಯನ್ನು ಏಪ್ರನ್ನಿಗೆ ಒರೆಸಿದ. ತನ್ನ ಕುರ್ಚಿಗಳನ್ನು ನೋಡಿದ. ಆ ಕುರ್ಚಿಗಳಲ್ಲಿ ಕೂತು ತನ್ನದೇ ಸುಲೈಮಾನಿ ಕುಡಿಯುತ್ತಿದ್ದವರನ್ನು, ಗೆರೆಯ ಹೊರಗೆ ಗ್ಲಾಸು ಹಿಡಿದು ನಿಂತಿದ್ದವರನ್ನು ನೋಡಿದ. ಆಮೇಲೆ ಒಮ್ಮೆ ತಲೆಯೆತ್ತಿ ಕಿಟಕಿಯ ಕಡೆ ನೋಡಿದ. ಆ ನೋಟವನ್ನು ಹಲೀಮ ಸಾಯುವವರೆಗೆ ಮರೆಯಲಾರಳು. ಅವಳು ಆಗ ಮುಖ ಗಂಟಿಕ್ಕಿಕೊಂಡೇ ಇದ್ದಳು.

ರವೂಫನ ಕೈ ಮೇಲೆದ್ದು ಪಬ್ಬಿನ ಬಾಗಿಲ ಕಡೆ ತೋರಿಸಿತು.

ಅಲ್ಲಿ ನಿಂತಿದ್ದ ಮುನಿಸ್ವಾಮಿ, ಗೆಳೆಯ ತನ್ನನ್ನು ಯಾರೋ ದೊಡ್ಡವರಿಗೆ ಪರಿಚಯ ಮಾಡಿಸುತ್ತಿದ್ದಾನೆ ಎಂದುಕೊಂಡು, ಬಾಯಿ ತುಂಬ ನಕ್ಕು ಹಣೆಗೆ ಕೈ ಹಚ್ಚಿ ಸಲಾಂ ಮಾಡಿದ.

ಆ ವರ್ಷ ಪಬ್ಬಿನ ಲೈಸೆನ್ಸು ಮುಂದುವರಿಯಲಿಲ್ಲ. ರವೂಫನ ಮಾತಿಗೆ ಅಲ್ಲಿ ತೂಕವಿತ್ತೋ, ಬೇರೆ ಕಾರಣಗಳೇ ಸಾಕಾಗಿದ್ದವೋ, ಯಾರಿಗೂ ಗೊತ್ತಿಲ್ಲ. ಆ ಕೈ ಯಾಕೆ ತನ್ನ ಕಡೆ ತೋರಿಸಿತ್ತು ಎಂಬುದು ಮಾತ್ರ ಮುನಿಸ್ವಾಮಿಗೆ ಆಮೇಲೆ ತಿಳಿಯಿತು. ಸುದ್ದಿ ಬಂದ ದಿನ ಹಲೀಮ ಪಾಯಸ ಮಾಡಿ ಬಿಲ್ಡಿಂಗಿಗೆಲ್ಲ ಹಂಚಿದಳು. ರವೂಫ್ ಒಂದು ಚಮಚವನ್ನೂ ಬಾಯಿಗಿಡಲಿಲ್ಲ. ಪಬ್ಬು ಹೋದ ಮೇಲೆ ಸಂಜೆಯ ಜನ ಹೋದರು, ಜನ ಹೋದ ಮೇಲೆ ಸುಲೈಮಾನಿ ಯಾರಿಗೆ? ಕೂರುವವರೇ ಇಲ್ಲದ ಟೇಬಲ್ಲುಗಳು ಒಂದೊಂದಾಗಿ ಒಳಗೆ ಬಂದವು, ಪರವಾನಗಿಯೂ ಹೋಯಿತು. ಹಳದಿ ಗೆರೆ ಮಾತ್ರ ನೆಲದ ಮೇಲೆ ಉಳಿಯಿತು. ತಾವು ಉಪಕಾರ ಮಾಡಿಕೊಂಡೆವು ಎಂದುಕೊಂಡು ತಮ್ಮ ಕಾಲಿಗೇ ಕೊಡಲಿ ಹಾಕಿಕೊಂಡಿದ್ದರು. ಅದನ್ನು ಬಾಯಿಬಿಟ್ಟು ಹೇಳುವ ಧೈರ್ಯ ಗಂಡ ಹೆಂಡತಿ ಇಬ್ಬರಿಗೂ ಬರಲಿಲ್ಲ.

ಮುನಿಸ್ವಾಮಿಯ ವೀಸಾ ಕೆಲಸದ ಜೊತೆಗೇ ಹೋಯಿತು. ಆ ವಯಸ್ಸಿಗೆ ಬೇರೆ ಯಾರು ಕರೆಯುತ್ತಾರೆ? ಅಲ್ಲಿ ಇಲ್ಲಿ ಕಾರು ತೊಳೆದ, ಮೂಟೆ ಇಳಿಸಿದ, ಕಾಗದವಿಲ್ಲದೆಯೇ ಉಳಿದುಬಿಟ್ಟ. ಅದೇ ಹೊತ್ತಿನಲ್ಲಿ ಕೆಜಿಎಫ್‌ನಲ್ಲಿ ಅವನ ಹೆಂಡತಿ ಸತ್ತಳು. ವಿಮಾನ ನಿಲ್ದಾಣದ ಬಾಗಿಲಿಗೂ ಅವನು ಹೋಗುವಂತಿರಲಿಲ್ಲ.

*

ಖುಸೈಸಿನಲ್ಲಿ ಹೆಂಗಸರಿಗೆ ಮುಖ ತೋರಿಸಿದರು. ಕಫನ್ನಿನ ಬಿಳೀ ಬಟ್ಟೆಯ ನಡುವೆ ರವೂಫ್ ಏನೋ ಕೇಳಲು ಬಾಯಿ ತೆರೆಯುವವನಂತೆ ಇದ್ದ. ಹಲೀಮ ಹೊರಗೆ ತಿರುಗಿ ನೋಡಿದಳು. ಮುನಿಸ್ವಾಮಿ ದೂರದ ಗೋಡೆಯ ನೆರಳಿನಲ್ಲಿ ಕೂತಿದ್ದ. ಹತ್ತಿರ ಬರಲಿಲ್ಲ.

"ಯಲ್ಲಾ, ಇನ್ನು ಹೋಗುವಾ ಹಲೀಮಾ," ಎಂದು ಪಕ್ಕದ ಕೋಣೆಯ ರುಬೀನ ಅವಳ ತೋಳು ಹಿಡಿದಳು. "ಇಷ್ಟು ಹೊತ್ತು ಹೊರಗೆ ಇದ್ದದ್ದೇ ಹೆಚ್ಚಾಯ್ತು."

ಮನೆಗೆ ಬಂದ ಮೇಲೆ ಕಿಟಕಿಯ ಪರದೆ ಎಳೆದರು. ಹೆಂಗಸರು ಬಂದರು, ಅತ್ತರು, ಚಹಾ ಕುಡಿದರು.

"ಬಿದ್ದದ್ದನ್ನು ಯಾರೂ ನೋಡ್ಲಿಲ್ಲವಂತಾ?" ಎಂದು ಕೆಳಮಾಳಿಗೆಯ ಜಸೀನಾ ಪಿಸುಗುಟ್ಟಿದಳು.

ನೋಡಿದ್ದರು. ಅದೇ ತೊಂದರೆ. ಮಧ್ಯಾಹ್ನ ರವೂಫ್ ಒಂದು ಕುರ್ಚಿ ತಂದು ಹಳದಿ ಗೆರೆಯೊಳಗೆ ಹಾಕಿಕೊಂಡು ಕೂತಿದ್ದ. ಪರವಾನಗಿ ಇಲ್ಲದಿದ್ದರೂ ಹಳೇ ಅಭ್ಯಾಸ. ಕೂತವನು ಕುರ್ಚಿಯಿಂದ ಜಾರಿ ಗೋಡೆಗೆ ಒರಗಿದ. ದಣಿದು ಮಲಗಿದ್ದಾನೆ ಎಂದುಕೊಂಡ ಜನ, ಗೆರೆ ತುಳಿಯದೆ, ವರ್ಷಗಳಿಂದ ಹೋಗುತ್ತಿದ್ದ ಹಾಗೇ ಸುತ್ತಿಕೊಂಡು ಹೋದರು. ಹೆಂಡತಿ ಮೇಲೆ ಕಟ್ಲೆಟ್ಟು ಕರಿಯುತ್ತಿದ್ದಳು. ಕಿಟಕಿಯಿಂದ ಇಣುಕಿದಾಗ ಅವಳಿಗೂ ಮಲಗಿದ ಹಾಗೇ ಕಂಡಿತ್ತು.

"ಎಂತ ಪುಣ್ಯದ ಮನುಷ್ಯ," ಎಂದಳು ರುಬೀನ. "ಆ ಕುಡಿತದ ಜಾಗ ಮುಚ್ಚಿಸಿದರಲ್ಲ. ಅದೊಂದೇ ಸಾಕು ಅವರಿಗೆ ಸ್ವರ್ಗಕ್ಕೆ."

"ಅದನ್ನು ಹೇಳ್ಬೇಡ ರುಬೀನ. ನಿನ್ನ ಕಾಲು ಹಿಡೀತೇನೆ."

ರುಬೀನ ಕಣ್ಣು ಪಿಳಿಪಿಳಿ ಬಿಟ್ಟಳು. ದುಃಖದಲ್ಲಿ ಮನುಷ್ಯರು ಏನೇನೋ ಹೇಳುತ್ತಾರೆ ಎಂದುಕೊಂಡಿರಬೇಕು.

*

ಹಿಂದೆ, ಕೆಜಿಎಫ್‌ನಲ್ಲಿ ತನ್ನ ಹೆಂಡತಿಗೆ ಮಣ್ಣು ಕೊಡುವ ದಿನ, ಮುನಿಸ್ವಾಮಿ ಕೆಫೆಟೇರಿಯಾಕ್ಕೇ ಬಂದಿದ್ದ. ಅವನ ಫೋನಿನ ಗಾಜು ಒಡೆದು ಏನೂ ಕಾಣುತ್ತಿರಲಿಲ್ಲ, ಬೇರೆ ಎಲ್ಲಿಗೆ ಹೋಗಿಯಾನು? ಅವನ ಮಗಳು ಊರಿನಿಂದ ವೀಡಿಯೊ ಕಾಲ್ ಮಾಡಿದಳು. ರವೂಫ್ ತನ್ನ ಫೋನನ್ನು ಎರಡೂ ಕೈಯಲ್ಲಿ ಹಿಡಿದು ಅವನ ಮುಖದ ಮುಂದೆ ನಿಂತ. ಕೈ ಗಡಗಡ ನಡುಗುತ್ತಿತ್ತು. ತೆರೆಯ ಮೇಲೆ ಒಮ್ಮೆ ಹೂವಿನ ಹಾರ, ಒಮ್ಮೆ ಯಾರದೋ ತಲೆ. ನಡುಗುವ ಬೆರಳು ಎಲ್ಲೆಲ್ಲೋ ತಗಲಿ ಚಿತ್ರ ಎರಡು ಸಲ ಕಡಿದುಹೋಯಿತು.

"ನೆಟ್ಟಗೆ ಹಿಡ್ಕೊಳೋ ರವೂಫಾ! ಮುಖ ಕಾಣ್ತಿಲ್ಲ ಕಣೋ!"

ಮೂರನೇ ಸಲ ಸಿಕ್ಕುವಷ್ಟರಲ್ಲಿ ಮಣ್ಣು ಮುಚ್ಚಿ ಆಗಿತ್ತು. ಹಲೀಮ ಒಲೆಯ ಹತ್ತಿರ ಗೋಡೆ ಹಿಡಿದು ನಿಂತಿದ್ದಳು. ಮುನಿಸ್ವಾಮಿ ಅಳಲಿಲ್ಲ, ಬೈಯಲಿಲ್ಲ. ಶುಂಠಿ ಹಾಕಿದ ಚಹಾ ಟೇಬಲ್ಲಿನ ಮೇಲೆ ಕೆನೆಗಟ್ಟಿತ್ತು. ಅದನ್ನು ಮುಟ್ಟದೆ ಎದ್ದು ಹೋದ. ಮುಂದೆ ಯಾರೋ ಪುಣ್ಯಾತ್ಮ ಕಾಗದ ಸರಿ ಮಾಡಿಸಿ ರಾಸ್ ಅಲ್ ಖೋರಿನಲ್ಲಿ ಕಾವಲಿಗೆ ಇಟ್ಟುಕೊಂಡನಂತೆ. ರವೂಫ್ ಶುಕ್ರವಾರದ ಜುಮಾ ನಮಾಜು ಆದ ಮೇಲೆ ಫ್ಲಾಸ್ಕಿನಲ್ಲಿ ಚಹಾ ತುಂಬಿಕೊಂಡು ಬಸ್ಸು ಹತ್ತಿ ಅಲ್ಲಿಗೆ ಹೋಗುತ್ತಿದ್ದ. ಪ್ರತಿ ಸಲ ಫ್ಲಾಸ್ಕು ತುಂಬಿದ್ದು ತುಂಬಿದ ಹಾಗೇ ಮನೆಗೆ ಬರುತ್ತಿತ್ತು. ಹಲೀಮ ಅದನ್ನು ಸಿಂಕಿಗೆ ಸುರಿಯುವಾಗ ರವೂಫ್ ಅತ್ತ ಮುಖ ತಿರುಗಿಸುತ್ತಿದ್ದ.

"ಅವನ ಹೆಂಡತಿಯ ಮುಖ ತೋರಿಸ್ಲಿಕ್ಕೂ ನನ್ನ ಕೈಯಿಂದ ಆಗ್ಲಿಲ್ಲ ಹಲೀಮಾ," ಎಂದು ಒಮ್ಮೆ ಹೇಳಿದ. ಆ ವಿಷಯದಲ್ಲಿ ಅವನು ಆಡಿದ ಮಾತು ಅದೊಂದೇ.

*

ಅಸರಿನ ಬಾಂಗು ಮುಗಿದು ಸ್ವಲ್ಪ ಹೊತ್ತಿಗೆ ಹಲೀಮಳ ಫೋನು ಹೊಡೆದುಕೊಂಡಿತು. ತೆರೆಯ ಒಂದು ಚೌಕದಲ್ಲಿ ಕಬರಸ್ತಾನ. ಇನ್ನೊಂದರಲ್ಲಿ ಉಳ್ಳಾಲದ ಮನೆ, ಮುಹ್ಸಿನಾ ಹಿಡಿದ ಫೋನಿನ ಮುಂದೆ ರವೂಫನ ಮುದಿ ತಾಯಿ ಆಚುಮ್ಮ. ಕಣ್ಣಿನ ಪೊರೆ ತೆಗೆಸಿದ ಮೇಲೆ ಮಗನನ್ನು ಸರಿಯಾಗಿ ಕಾಣಬೇಕೆಂದು ಕಾದಿದ್ದ ಮುದುಕಿ.

"ಅಕ್ಕಾ, ನಾವೆಲ್ಲ ನಮಾಜಿಗೆ ಸಾಲಿನಲ್ಲಿ ನಿಲ್ಲಬೇಕು," ಎಂದ ರಿಯಾಝ್. "ಫೋನನ್ನು ಮುನಿಯಣ್ಣನ ಕೈಯಲ್ಲಿ ಕೊಡ್ತೇನೆ. ಅವರು ಹೊರಗೆ ನಿಂತು ತೋರಿಸ್ತಾರಂತೆ."

ತೆರೆ ಒಮ್ಮೆ ತಿರುಗಿ, ನೆಲ ಕಂಡು, ಎರಡು ತೂತಿನ ಬಿಳೀ ಶರಟು ಕಂಡು, ಆಮೇಲೆ ನೆಟ್ಟಗೆ ನಿಂತಿತು. ಸಾಲು ಸಾಲು ಬೆನ್ನುಗಳು, ಅವುಗಳ ಮುಂದೆ ಹಸಿರು ಬಟ್ಟೆ ಹೊದಿಸಿದ ಮಯ್ಯತ್ತು. ಫೋನು ಹಿಡಿದವನ ಉಸಿರು ಎಲ್ಲರ ದನಿಗಿಂತ ಹತ್ತಿರದಲ್ಲಿ ಕೇಳುತ್ತಿತ್ತು. ಅವನು ಪಿಸುಗುಟ್ಟಿದರೂ ಸಾಕು, ತನಗೆ ಕೇಳಿಸುತ್ತದೆ. ಹಲೀಮ ಫೋನನ್ನು ಇನ್ನೂ ಹತ್ತಿರ ಹಿಡಿದಳು.

ರಿಯಾಝ್ ಜನರ ಕಡೆ ತಿರುಗಿ, ಸಂಪ್ರದಾಯದಂತೆ, ಸತ್ತವನ ಪರವಾಗಿ ಕೇಳಬೇಕಾದ್ದನ್ನು ಕೇಳಿದ. ಮೊದಲು ಬ್ಯಾರಿ ಭಾಷೆಯಲ್ಲಿ ಹೇಳಿ, ಆಮೇಲೆ ಕನ್ನಡದಲ್ಲಿ ಹೇಳಿದ. ಕನ್ನಡದಲ್ಲಿ ಹೇಳಿದ್ದು ಒಬ್ಬನಿಗಾಗಿ.

"ನನ್ನ ಭಾವ ಅಬ್ದುಲ್ ರವೂಫ್ ಯಾರಿಗಾದ್ರೂ ಅನ್ಯಾಯ ಮಾಡಿದ್ರೆ, ಯಾರ ಮನಸ್ಸಾದ್ರೂ ನೋಯಿಸಿದ್ರೆ, ದಯಮಾಡಿ ಮಾಫ್ ಮಾಡಿ ಅವರನ್ನು ಕಳಿಸಿಕೊಡಿ."

"ಮಾಫ್ ಮಾಡಿದ್ದೇವೆ," ಎಂದು ಸಾಲುಗಳು ಗೊಣಗಿದವು.

ಹತ್ತಿರದ ಉಸಿರು ನಿಂತಿತು. ಆಮೇಲೆ ತೀರ ಸಣ್ಣಗೆ, ಹಲೀಮಳ ಕಿವಿಗೆ ಮಾತ್ರ ಬೀಳುವಷ್ಟು, "ನಾನೂ..."

"ಒಂದು ಮಾತು," ಎಂದು ಮುಂದಿನ ಸಾಲಿನಿಂದ ಅಬ್ದುಲ್ ಸಲಾಂ ಕೈಯೆತ್ತಿದರು. ಒಳ್ಳೇ ಗಂಟಲಿನ ಮನುಷ್ಯ. "ಸತ್ತವರ ಒಳ್ಳೇದಕ್ಕೆ ಸಾಕ್ಷಿ ಹೇಳುದು ನಮ್ಮ ಕರ್ತವ್ಯ. ನಮ್ಮ ಪಳ್ಳಿಯ ಫುಟ್‌ಪಾತಿನಿಂದ ಆ ಹರಾಮಿನ ಪಬ್ಬನ್ನು ತೆಗೆಸಿದ್ದು ಯಾರು? ಈ ರವೂಫಾಕ. ನಾವೆಲ್ಲ ಬರೀ ಸಹಿ ಹಾಕಿದವರು. ಆಫೀಸರಿನ ಎದುರು ನಿಂತು ಕೈ ತೋರಿಸುವ ಧೈರ್ಯ ಇದ್ದದ್ದು ಅವರೊಬ್ಬರಿಗೆ. ಅಲ್ಲಾಹು ಅದನ್ನು ಸ್ವೀಕರಿಸಲಿ."

"ಆಮೀನ್," ಎಂದವು ಸಾಲುಗಳು. ಈ ಸಲ ಗೊಣಗಲಿಲ್ಲ, ಗಟ್ಟಿಯಾಗಿಯೇ ಹೇಳಿದವು.

"ಸಲಾಮಾಕಾ, ನಿಲ್ಸಿ! ಅದು..." ಎಂದು ಹಲೀಮ ಕಿರುಚಿದಳು. ರುಬೀನ ಓಡಿ ಬಂದು ಅವಳ ಬಾಯಿಗೆ ಅಂಗೈ ಒತ್ತಿದಳು. "ಇದ್ದತ್ತಿನ ಹೆಂಗಸಿನ ಸ್ವರ ಅಷ್ಟು ಗಂಡಸರಿಗೆ ಕೇಳುವುದಾ? ಸಬರ್ ಮಾಡು, ತಾಳಿಕೊ ತಂಗಿ." ಆ ಅಂಗೈಯಲ್ಲಿ ಕರ್ಪೂರದ ವಾಸನೆ ಇತ್ತು. ಅದನ್ನು ಬಿಡಿಸಿಕೊಳ್ಳುವಷ್ಟರಲ್ಲಿ ಅಲ್ಲಿ ನಮಾಜು ಶುರುವಾಗಿತ್ತು.

ಫೋನು ಅಲುಗಲಿಲ್ಲ. ಹತ್ತಿರದ ಉಸಿರು ಮೂಗಿನಿಂದ ಉದ್ದಕ್ಕೆ ಹೊರಬಂದು, ಮತ್ತೆ ಮೊದಲಿನ ಹಾಗೆ ನಡೆಯತೊಡಗಿತು.

ನಮಾಜು ಮುಗಿಯಿತು. ಮಯ್ಯತ್ತು ಹೆಗಲೇರಿತು. ಮುನಿಸ್ವಾಮಿ ಹಿಂದೆ ಹಿಂದೆ ನಡೆದ. ಗುಂಡಿಯ ಅಂಚಿನಲ್ಲಿ ಜನ ಮುತ್ತಿಕೊಂಡಾಗ ತೋಳು ಎತ್ತರಕ್ಕೆ ಚಾಚಿ ಎಲ್ಲರ ತಲೆಯ ಮೇಲಿಂದ ತೋರಿಸಿದ. ಇಳಿಸಿದ್ದು ಕಂಡಿತು. ಬಲ ಮಗ್ಗುಲಿಗೆ ಮಲಗಿಸಿದ್ದು ಕಂಡಿತು. ಹಲಗೆ ಮುಚ್ಚುವ ಮೊದಲು ಕೆನ್ನೆಯ ಒಂದು ಪಕ್ಕ ಕೂಡ ಕಂಡಿತು. ಆಮೇಲೆ ಒಬ್ಬೊಬ್ಬರೂ ಮೂರು ಮೂರು ಹಿಡಿ ಮಣ್ಣು ಹಾಕಿದರು. ಅಷ್ಟು ಹೊತ್ತೂ ಆ ಕೈ ಒಂದಿಷ್ಟೂ ನಡುಗಲಿಲ್ಲ.

"ಹಲೀಮಾ," ಎಂದಳು ಆಚುಮ್ಮ ಉಳ್ಳಾಲದಿಂದ, ಅತ್ತು ಅತ್ತು ಒಣಗಿದ ದನಿಯಲ್ಲಿ. "ಫೋನು ಹಿಡ್ಕೊಂಡದ್ದು ಯಾರ ಮಗ? ನನ್ನ ಮಗನನ್ನು ಕೊನೇವರೆಗೆ ತೋರಿಸಿದ. ಆ ಕೈಗೆ ಅಲ್ಲಾಹು ಬರಕತ್ ಕೊಡಲಿ."

"ಮಣ್ಣಾಯ್ತಮ್ಮ," ಎಂದ ಮುನಿಸ್ವಾಮಿ ಆಚುಮ್ಮನಿಗೆ. "ಎಲ್ಲ ಚೆನ್ನಾಗಾಯ್ತು. ಇನ್ನು ನೀವು ಒಂದಿಷ್ಟು ಗಂಜಿ ಕುಡೀರಿ."

ಆ ಕಡೆ ಮುಹ್ಸಿನಾ ಅಜ್ಜಿಯನ್ನು ಎಬ್ಬಿಸಿಕೊಂಡು ಹೋದಳು. ಉಳ್ಳಾಲದ ಚೌಕ ಆರಿತು. ಕಬರಿನ ಹತ್ತಿರದಿಂದ ಜನ ಚಪ್ಪಲಿ ಕೊಡವಿಕೊಂಡು ಚದುರಿದರು. ತೆರೆಯಲ್ಲಿ ಉಳಿದದ್ದು ಹಸೀ ಮರಳಿನ ದಿಬ್ಬ ಮಾತ್ರ.

ಹಲೀಮ ಅಂಗೈಯಿಂದ ಬಾಯಿ ಮುಚ್ಚಿಕೊಂಡು, ರುಬೀನಳಿಗೆ ಕೇಳಿಸದ ಹಾಗೆ, ಹೇಳಿದಳು.

"ಮುನಿಯಣ್ಣ, ಎಲ್ಲ ಹೋದರಲ್ಲ. ತಪ್ಪು ನನ್ನದು. ಅವರು ಕೈ ತೋರಿಸುವ ಹಾಗೆ ಮಾಡಿದ್ದು ನಾನು. ನನ್ನನ್ನು ಬಿಡಿ, ಅವರನ್ನೊಬ್ಬರನ್ನು... ಈಗಾದ್ರೂ."

ಅವನಿಗೆ ಕೇಳಿಸಿತು. ಕೇಳಿಸಿದ್ದು ಅವಳಿಗೆ ಗೊತ್ತಾಯಿತು, ಏಕೆಂದರೆ ಉಸಿರು ಮತ್ತೊಮ್ಮೆ ನಿಂತಿತು. ಅವಳು ನೋಡುವುದನ್ನು ಬಿಟ್ಟು ಫೋನನ್ನು ಕಿವಿಗೆ ಒತ್ತಿಕೊಂಡಳು. ಗಾಳಿ, ದೂರದಲ್ಲಿ ಗುದ್ದಲಿ ಎಸೆದ ಸದ್ದು, ಯಾವುದೋ ವಿಮಾನ. ಬಹಳ ಹೊತ್ತಿನ ಮೇಲೆ ಉಸಿರು ಮತ್ತೆ ಹೊರಟಿತು. ಮಾತು ಬರಲಿಲ್ಲ. ಅವಳೂ ಕಿವಿಯಿಂದ ಫೋನು ತೆಗೆಯಲಿಲ್ಲ.

ರುಬೀನ ಎಳೆದ ಪರದೆ ಒಂದು ಕಡೆ ಬೆರಳಷ್ಟು ಬಿಟ್ಟುಕೊಂಡಿತ್ತು. ಕೆಳಗೆ ಫುಟ್‌ಪಾತಿನಲ್ಲಿ ಸಂಜೆಯ ಜನ ತುಂಬಿದ್ದರು. ಯಾರೋ ನಿನ್ನೆಯೇ ಕುರ್ಚಿಯನ್ನು ಒಳಗಿಟ್ಟು ಶಟರು ಎಳೆದಿದ್ದರು. ತರಕಾರಿ ಚೀಲದ ಹೆಂಗಸರು, ಪಳ್ಳಿಗೆ ಹೊರಟವರು, ಕೆಲಸ ಮುಗಿಸಿ ರೂಮಿಗೆ ಹೋಗುವವರು, ಎಲ್ಲರೂ ಹಳದಿ ಗೆರೆಯವರೆಗೆ ನೆಟ್ಟಗೆ ಬಂದು, ಅಲ್ಲಿ ತಿರುಗಿ ರಸ್ತೆಗಿಳಿದು, ಖಾಲಿ ಚೌಕವನ್ನು ಸುತ್ತಿ, ಮತ್ತೆ ಮೇಲೆ ಹತ್ತಿ ಹೋಗುತ್ತಿದ್ದರು.